ತಬಿಥಾ ಮನೆಗೆ ತಂದ ಪ್ರಸಂಗ

೧೯೫೪ರ ಮಳೆಗಾಲ ಮುಗಿಯುವ ಹೊತ್ತಿಗೆ ತಿಮೊಥಿ ಉಪದೇಶಿಗಳ ಎಡಭಾಗ ಬಿದ್ದುಹೋಯಿತು. ಮೂಡಬಿದ್ರೆಯಿಂದ ವಾಮದಪದವಿನ ತನಕ ಮೂವತ್ತನಾಲ್ಕು ವರ್ಷ ನಡೆದು, ಸಿಕ್ಕಿದ ಅಂಗಳದಲ್ಲಿ, ಸಿಕ್ಕಿದ ಕಟ್ಟೆಯಲ್ಲಿ ನಿಂತು ಸುವಾರ್ತೆ ಹೇಳಿದ ಮನುಷ್ಯ ಅವರು. ಕಾಲು ಹೋಯಿತು, ಕೈ ಹೋಯಿತು. ಮಾತು ಮಾತ್ರ ಒಂದು ತಿಂಗಳಲ್ಲಿ ಹಿಂದಿನಂತೆಯೇ ಆಯಿತು. ಅದು ದೇವರ ಕೃಪೆ ಎಂದು ಸಭೆಯವರು ಹೇಳಿದರು. ಆ ಮಾತನ್ನು ದಿನವಿಡೀ ಕೇಳುವವಳು ಮನೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ ಸೊಸೆ ತಬಿಥಾ.

ತಬಿಥಾಳ ಗಂಡ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿದ್ದ. ತಿಂಗಳಿಗೊಮ್ಮೆ ಬರುತ್ತಿದ್ದ. ಮಕ್ಕಳಿರಲಿಲ್ಲ. ಬೀಡಿ ಕಟ್ಟುವುದು, ಮಾವನನ್ನು ಮಗ್ಗುಲು ತಿರುಗಿಸುವುದು, ಎರಡು ಹೊತ್ತು ಗಂಜಿ ಬೇಯಿಸುವುದು, ಇದರಲ್ಲಿ ಅವಳ ವಾರ ಹೋಗುತ್ತಿತ್ತು. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಡೊಂಬಯ್ಯ ಬಂದು ಉಪದೇಶಿಗಳ ಹತ್ತಿರ ಕೂತುಕೊಳ್ಳುತ್ತಿದ್ದ. ಅವಳು ಎರಡು ಮೈಲಿ ನಡೆದು ದೇವಾಲಯಕ್ಕೆ ಹೋಗಿ ಬರುತ್ತಿದ್ದಳು. ಬೋಧಕರು ವಾಕ್ಯ ವಿವರಿಸುವ ಪ್ರಸಂಗದ ಹೊತ್ತಿನಲ್ಲಿ ಅವಳು ಸಾಮಾನ್ಯವಾಗಿ ಮಧ್ಯಾಹ್ನದ ಗಂಜಿಗೆ ಪದಾರ್ಥ ಏನು ಮಾಡುವುದೆಂದು ಯೋಚಿಸುತ್ತಿದ್ದಳು. ಹೆಂಗಸರ ಬೆಂಚಿನಲ್ಲಿ ಬಹುಮಂದಿಯ ಯೋಚನೆ ಅದೇ ಆಗಿತ್ತು.

ಮಾವನಿಗೆ ಮಾತು ಮರಳಿದ ಮೇಲಿನ ಮೊದಲ ಭಾನುವಾರ ಅವಳು ಬಾಗಿಲು ದಾಟುತ್ತಲೇ ಅವರು ಕೇಳಿದರು: “ಪ್ರಸಂಗ ಹೇಗಿತ್ತು?”

“ಒಳ್ಳೆದಿತ್ತು, ಮಾವ.”

“ಒಳ್ಳೆದಿತ್ತು ಅಂತ ಸಾರಿಗೆ ಹೇಳುವುದು. ಯಾವ ವಾಕ್ಯದ ಮೇಲೆ ಮಾತಾಡಿದರು?”

ತಬಿಥಾಳಿಗೆ ನೆನಪಿರಲಿಲ್ಲ.

“ಎಷ್ಟು ಭಾಗ ಮಾಡಿದರು? ದೃಷ್ಟಾಂತ ಯಾವುದು?”

ಅದೂ ನೆನಪಿರಲಿಲ್ಲ. ಉಪದೇಶಿಗಳು ಬೈಯಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿ ಸಂಜೆಯವರೆಗೆ ಹಾಗೆಯೇ ಇದ್ದರು. ಗಂಜಿಯನ್ನೂ ಗೋಡೆಗೆ ಮುಖ ಮಾಡಿಯೇ ಕುಡಿದರು. ಅರ್ಧ ಗಂಜಿ ಹಾಸಿಗೆಗೆ ಚೆಲ್ಲಿತು. ಅದನ್ನು ಒಗೆಯುವವಳು ತಬಿಥಾ.

ಮುಂದಿನ ಭಾನುವಾರ ಅವಳು ಮೂರನೆಯ ಬೆಂಚಿಗೆ ಬಂದು ಕೂತಳು. ಪ್ರಸಂಗದ ಮೊದಲ ಭಾಗಕ್ಕೆ ಕಿರುಬೆರಳನ್ನು ಹಿಡಿದುಕೊಂಡಳು, ಎರಡನೆಯದಕ್ಕೆ ಉಂಗುರದ ಬೆರಳನ್ನು. ಮನೆಗೆ ಬರುವ ದಾರಿಯುದ್ದಕ್ಕೂ ಯಾರೊಡನೆಯೂ ಮಾತಾಡಲಿಲ್ಲ. ಮಾತಾಡಿದರೆ ಚೆಲ್ಲಿ ಹೋಗುತ್ತದೆಂಬ ಭಯ. ನಾಲ್ಕಾರು ತಿಂಗಳಲ್ಲಿ ಅವಳು ಪ್ರಸಂಗವನ್ನು ಇಡಿಯಾಗಿ ತರಲು ಕಲಿತಳು. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುವೆ “ಅಲ್ಲಿ ಸ್ವಲ್ಪ ಎಳೆದರು” ಎಂದೋ “ಈ ಮಾತು ಹೋದ ವರ್ಷವೂ ಬಂದಿತ್ತು” ಎಂದೋ ಹೇಳುತ್ತಿದ್ದರು. ಕೇಳಿ ಮುಗಿದ ಮೇಲೆ ತಾವೇ ಪ್ರಾರ್ಥನೆ ಮಾಡುತ್ತಿದ್ದರು. ಅದು ಪ್ರಸಂಗಕ್ಕಿಂತ ಉದ್ದವಾಗುತ್ತಿತ್ತು.

ಇದರ ಬಿಸಿ ತಟ್ಟಿದ್ದು ಸಭೆಯ ಬೋಧಕರಾದ ದೇವಪ್ರಿಯ ಅಯ್ಯನವರಿಗೆ. ಮೂವತ್ತು ದಾಟದ, ಮೆಲುದನಿಯ ಮನುಷ್ಯ. ಮೂರನೆಯ ಬೆಂಚಿನ ಹೆಂಗಸೊಬ್ಬಳು ರೆಪ್ಪೆ ಹಾಕದೆ, ಬೆರಳು ಹಿಡಿದುಕೊಂಡು ತಮ್ಮನ್ನೇ ನೋಡುವುದರಿಂದ ಅವರಿಗೆ ಮೊದಮೊದಲು ಕಸಿವಿಸಿಯಾಯಿತು. ಆಮೇಲೆ ಅವರು ಶನಿವಾರದ ಬದಲು ಗುರುವಾರದಿಂದಲೇ ಪ್ರಸಂಗದ ತಯಾರಿಗೆ ತೊಡಗಿದರು.

೧೯೫೭ರ ಜುಲೈಯ ಒಂದು ಭಾನುವಾರ ಅಯ್ಯನವರು ಬರಲಿಲ್ಲ. ಬೆಳ್ತಂಗಡಿಗೆ ಹೋದವರು ಅಲ್ಲೇ ಜ್ವರ ಹಿಡಿದು ಮಲಗಿದ್ದರು. ಸಭೆಯ ಹಿರಿಯರೊಬ್ಬರು ಆ ದಿನದ ವಾಕ್ಯವನ್ನು ಓದಿದರು: ಪಾರ್ಶ್ವವಾಯು ಹಿಡಿದವನೊಬ್ಬನನ್ನು ನಾಲ್ವರು ಹೊತ್ತು ತಂದು, ಜನರ ಗುಂಪಿನಲ್ಲಿ ಒಳಗೆ ಹೋಗಲಾಗದೆ, ಮನೆಯ ಮೇಲೆ ಹತ್ತಿ ಮಾಡು ಬಿಚ್ಚಿ ಹಾಸಿಗೆ ಸಮೇತ ಯೇಸುವಿನ ಮುಂದೆ ಇಳಿಸಿದ ಭಾಗ. ಓದಿ, ಪ್ರಾರ್ಥನೆ ಮಾಡಿ, ಮಳೆ ಜೋರಾಗುವ ಮೊದಲು ಹೋಗುವ ಎಂದು ಎಲ್ಲರನ್ನೂ ಕಳುಹಿಸಿದರು.

ತಬಿಥಾ ಕೊಡೆ ಬಿಡಿಸಿ ಹೊರಟಳು. ಪ್ರಸಂಗವೇ ಇರಲಿಲ್ಲ ಎಂದರೆ ಮಾವ ಮತ್ತೆ ಗೋಡೆಯ ಕಡೆ ತಿರುಗುತ್ತಾರೆ. ಮಳೆಗಾಲದಲ್ಲಿ ಹಾಸಿಗೆ ಒಗೆದರೆ ಮೂರು ದಿನ ಒಣಗುವುದಿಲ್ಲ. ಎರಡು ಮೈಲಿ ದಾರಿ ಉಂಟು. ಮನೆ ಮುಟ್ಟುವಾಗ ಅವಳು ಮೂರು ಬೆರಳು ಹಿಡಿದುಕೊಂಡಿದ್ದಳು.

“ಮೊದಲನೆಯದು,” ಎಂದು ಹಾಸಿಗೆಯ ಪಕ್ಕ ಕೂತು ಶುರು ಮಾಡಿದಳು. “ಆ ನಾಲ್ವರು ಮಾಡಿನ ಮೇಲೆ ಹಗ್ಗ ಹಿಡಿದು ನಿಂತಿದ್ದರು. ಒಳಗೆ ಯೇಸು ಏನು ಹೇಳಿದ ಅಂತ ಅವರಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಬೇರೆಯವರು ಕೇಳಲಿ ಅಂತ ಹೊತ್ತು ತಂದವರಿಗೆ ಕೇಳಿಸಲೇ ಇಲ್ಲ. ದೇವರು ಅವರನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ.”

ಉಪದೇಶಿಗಳು ಕಣ್ಣು ತೆರೆದರು.

“ಎರಡನೆಯದು. ಮಾಡು ಬಿಚ್ಚಿದರೆ ಮಣ್ಣು, ಕಸ ಎಲ್ಲ ಕೆಳಗೆ ಬೀಳುತ್ತದೆ. ಕೊನೆಗೆ ಜನ ದೇವರನ್ನು ಸ್ತುತಿಸಿ ಹೋದರು. ಆ ಕಸ ಗುಡಿಸಿದ್ದು ಯಾರು? ಆ ಮನೆಯಲ್ಲಿ ಒಬ್ಬ ಹೆಂಗಸು ಇದ್ದಿರಬೇಕು. ಅವಳು ಗುಡಿಸಿದ್ದೂ ಒಂದು ಸ್ತುತಿಯೇ.”

“ಮೂರನೆಯದು?”

ಮೂರನೆಯದು ರೋಗಿ ತನ್ನ ಹಾಸಿಗೆಯನ್ನು ತಾನೇ ಹೊತ್ತುಕೊಂಡು ನಡೆದುಹೋದ ಮಾತು. ದಾರಿಯಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಹೊಳೆದಿತ್ತು. ಮಾವನ ಸತ್ತ ಎಡಗೈ ಹೊದಿಕೆಯ ಮೇಲೆ ಬಿದ್ದುಕೊಂಡಿರುವುದು ಈಗ ಕಾಣಿಸಿತು. ತಬಿಥಾ ಬೆರಳು ಬಿಟ್ಟಳು.

“ಮೂರನೆಯದನ್ನು ಅಯ್ಯನವರು ಹೇಳಲಿಲ್ಲ. ಮಳೆ ಬಂತು.”

“ಎರಡು ಸಾಕು,” ಎಂದರು ಉಪದೇಶಿಗಳು. ಆ ದಿನ ಅವರ ಪ್ರಾರ್ಥನೆ ಬೇಗ ಮುಗಿಯಿತು.

ಹತ್ತು ದಿನಗಳ ನಂತರ, ಜ್ವರ ಬಿಟ್ಟು ತೆಳ್ಳಗಾಗಿದ್ದ ಅಯ್ಯನವರು ಉಪದೇಶಿಗಳನ್ನು ನೋಡಲು ಬಂದರು. ತಬಿಥಾ ಕಾಫಿ ಹಿಡಿದು ಬಾಗಿಲಲ್ಲಿದ್ದಾಗ ಮಾವ ಹೇಳುತ್ತಿದ್ದರು: “ಮಾಡು ಬಿಚ್ಚಿದ ಭಾಗದ ಮೇಲೆ ನೀವು ಮಾಡಿದ ಪ್ರಸಂಗ ಬಹಳ ಒಳ್ಳೆದಿತ್ತು, ಅಯ್ಯನವರೇ. ಆ ಕಸ ಗುಡಿಸಿದ ಮಾತು.”

ಅಯ್ಯನವರು ತಬಿಥಾಳನ್ನು ನೋಡಿದರು. ಅವಳು ಲೋಟವನ್ನು ಅವರ ಕೈಗೆ ಕೊಟ್ಟು ಬಾಗಿಲಿಗೆ ಹಿಂದಿರುಗಿದಳು.

“ನನಗೆ ಪೂರ್ತಿ ನೆನಪಿಲ್ಲ,” ಎಂದರು ಅಯ್ಯನವರು. “ನೀವೊಮ್ಮೆ ಹೇಳಿ.”

ಉಪದೇಶಿಗಳು ಮೊದಲಿಂದ ಕೊನೆಯವರೆಗೆ, ಮೂರನೆಯದು ಮಳೆಗೆ ನಿಂತುಹೋದದ್ದನ್ನೂ ಸೇರಿಸಿ, ಹೇಳಿದರು. ಅಯ್ಯನವರು ಕೈಕಟ್ಟಿ ಕೂತು ಕೇಳಿದರು. ಹೊರಡುವಾಗ ಅಂಗಳದಲ್ಲಿ ನಿಂತು ತಬಿಥಾಳನ್ನು ಕೇಳಿದರು: “ಮೂರನೆಯ ಭಾಗ ಏನಿತ್ತು, ತಬಿಥಾ ಬಾಯಿ?”

ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಯಾಕೆ ಬಿಟ್ಟೆನೆಂದೂ ಹೇಳಿದಳು. ಅಯ್ಯನವರು, “ಎಲ್ಲಿ ನಿಲ್ಲಿಸಬೇಕು ಅಂತ ನನಗೆ ಇನ್ನೂ ಬರುವುದಿಲ್ಲ,” ಎಂದು ಕೊಡೆ ತೆಗೆದುಕೊಂಡು ಹೋದರು.

ಅವಳಿಗೆ ಅಂಗಳದಲ್ಲಿ ನಿಲ್ಲಲಾಗಲಿಲ್ಲ. ನೇರವಾಗಿ ಹಾಸಿಗೆಯ ಹತ್ತಿರ ಬಂದಳು. “ಮಾವ, ಅದು ಅಯ್ಯನವರ ಪ್ರಸಂಗ ಅಲ್ಲ. ನಾನು ಸುಳ್ಳು ಹೇಳಿದೆ.”

“ಗೊತ್ತುಂಟು. ಆ ಭಾಗದ ಮೇಲೆ ನಾನು ಇಪ್ಪತ್ತು ಸಲ ಮಾತಾಡಿದ್ದೇನೆ. ಒಂದು ಸಲವೂ ಕಸದ ನೆನಪಾಗಲಿಲ್ಲ. ಅಯ್ಯನವರಿಗೂ ಆಗುವುದಿಲ್ಲ.”

“ಮತ್ತೆ ಅವರ ಹತ್ತಿರ ಯಾಕೆ ಹೇಳಿದಿರಿ?”

“ಅವರೂ ಒಂದು ಒಳ್ಳೆ ಪ್ರಸಂಗ ಕೇಳಲಿ ಅಂತ, ಮಾರಾಯ್ತಿ. ಬೋಧಕರಿಗೆ ಕೇಳಲಿಕ್ಕೆ ಎಲ್ಲಿ ಸಿಗುತ್ತದೆ?” ಎಂದರು. ಆಮೇಲೆ, “ಸುಳ್ಳು ಹೇಳಿದ್ದಕ್ಕೆ ಬೇರೆ ಪ್ರಾರ್ಥನೆ ಮಾಡು,” ಎಂದರು. ಅವಳು ಮಾಡಿದಳು.

ತಿಮೊಥಿ ಉಪದೇಶಿಗಳು ೧೯೬೧ರ ಮಾರ್ಚಿನಲ್ಲಿ ತೀರಿಕೊಂಡರು. ನಂತರದ ಭಾನುವಾರ ತಬಿಥಾ ಮೂರನೆಯ ಬೆಂಚಿನಲ್ಲಿ ಕೂತು, ಪ್ರಸಂಗ ಶುರುವಾದ ಎರಡನೆಯ ನಿಮಿಷಕ್ಕೆ ನಿದ್ದೆ ಹೋದಳು. ಏಳು ವರ್ಷದ ನಿದ್ದೆ ಅದು. ಪಕ್ಕದವಳು ಎಬ್ಬಿಸಲು ಕೈಚಾಚಿದಾಗ ಅಯ್ಯನವರು ಪೀಠದಿಂದಲೇ ಬೇಡವೆಂದು ತಲೆಯಾಡಿಸಿದರು. ಆ ದಿನ ಸ್ವಲ್ಪ ಮೆಲ್ಲಗೆ ಮಾತಾಡಿದರು.

ತಿಂಗಳು ಕಳೆದ ಮೇಲೆ ಅವರು ತಬಿಥಾಳಿಗೆ ಮೂರು ಮನೆಗಳ ಹೆಸರು ಹೇಳಿದರು. ಮೂರರಲ್ಲೂ ದೇವಾಲಯಕ್ಕೆ ಬರಲಾಗದ ಮುದುಕಿಯರಿದ್ದರು, ಒಬ್ಬಳಿಗೆ ಕಣ್ಣಿರಲಿಲ್ಲ. “ಭಾನುವಾರ ಮಧ್ಯಾಹ್ನ ಹೋಗಿ ಪ್ರಸಂಗ ಹೇಳುತ್ತೀರಾ?”

“ನಿಮ್ಮದನ್ನೋ, ಅಯ್ಯನವರೇ?”

“ನನ್ನದು ಚೆನ್ನಾಗಿದ್ದರೆ ನನ್ನದು.”

ತಬಿಥಾ ಹೋದಳು. ೧೯೬೮ರಲ್ಲಿ ಗಂಡನ ಜತೆ ಮಂಗಳೂರಿನಲ್ಲಿ ಮನೆ ಮಾಡುವವರೆಗೂ ಒಂದು ಭಾನುವಾರವೂ ತಪ್ಪಿಸಲಿಲ್ಲ. ಕಣ್ಣಿಲ್ಲದ ಮುದುಕಿ ಅವಳ ಕೈಹಿಡಿದುಕೊಂಡೇ ಕೇಳುತ್ತಿದ್ದಳು. ಪ್ರಸಂಗ ಹೇಳುವುದು ಅಯ್ಯನವರೇ ಎಂದು ತಿಳಿದಿದ್ದ ಮುದುಕಿ, ಅಯ್ಯನವರ ಸ್ವರ ಹೆಂಗಸರ ಹಾಗೆ ಉಂಟೆಂದು ಒಮ್ಮೆ ಹೇಳಿದಳು. ಹೌದು, ಸ್ವಲ್ಪ ಮೆತ್ತಗೆ ಎಂದಳು ತಬಿಥಾ.