ಅಲ್ಟಿಮೇಟ್ ಎಡಿಷನ್ನಿನ ನಲ್ವತ್ತೆಂಟು ಅಂಕಿ

ಯಾರಾರ ಹೊಸಾ ಲ್ಯಾಪ್‌ಟಾಪ್ ತಂದು, ‘ಯಾವ ಎಡಿಷನ್ ಹಾಕಲಿ?’ ಅಂತ ಕೇಳಿದ್ರ ನಾ ಸುಮ್ನ ಎದ್ದು ಹೋಗತೀನಿ. ಹಿಂದ ಒಮ್ಮೆ ಹೇಳಿದ್ದು ಸಾಕಾಗೇತಿ.

ಆಗ ಪರದೇಶದ ಹ್ಯಾಮಿಲ್ಟನ್‌ನ್ಯಾಗ ನಾನೂ ನನ್ನ ದೋಸ್ತನೂ ಫ್ಲ್ಯಾಟ್‌ಮೇಟ್ಸ್. ಇಬ್ರೂ ಧಾರವಾಡದವ್ರ. ಅಂವ ಆಕಳ ಹಾಲಿನ ಮ್ಯಾಲೆ ಪಿಎಚ್‌ಡಿ ಮಾಡತಿದ್ದ. ಹೊಸಾ ಆಪರೇಟಿಂಗ್ ಸಿಸ್ಟಮ್ ಬಂದಿತ್ತು. ಅಗ್ಗದ್ದು ಹೋಮ್, ತುಟ್ಟೀದು ಅಲ್ಟಿಮೇಟ್. ‘ನನಗ ಹೋಮ್ ಸಾಕಲೇ’ ಅಂದ. ನನಗ ಮೈ ಉರೀತು.

‘ಹೋಮ್ ಹುಡುಗ್ರು ಗೇಮ್ ಆಡಾಕ. ಕಂಪ್ಯೂಟರ್ ಬಲ್ಲವ್ರು ಅಲ್ಟಿಮೇಟ್ ಹಾಕಬೇಕು. ಇಡೀ ಡಿಸ್ಕಿಗೆ ಕೀಲಿ ಬೀಳತೈತಿ. ಕಳ್ಳ ಒಯ್ದರೂ ನಿನ್ನ ಥೀಸಿಸ್ ಓದಾಕ ಆಗೂದಿಲ್ಲ.’

‘ಓದಿದ್ರ ಅದು ಆ ಕಳ್ಳನ ಹಣೇಬರಹ’ ಅಂದ. ನಾ ಬಿಡಲಿಲ್ಲ, ಜಗಳಾಡಿ ಅವನ ಲ್ಯಾಪ್‌ಟಾಪಿಗೆ ಅಲ್ಟಿಮೇಟ್ ಹಾಕಿದೆ. ಕೀಲಿ ತೆಗಿಯೂ ನಲ್ವತ್ತೆಂಟು ಅಂಕಿ ಪೆನ್‌ಡ್ರೈವ್‌ನ್ಯಾಗ ಇಟ್ರ ಯಾರಾರ ಕದೀತಾರಂತ, ಒಂದ ಹಾಳ್ಯಾಗ ಪ್ರಿಂಟ್ ತಗದೆ. ಅತೀ ಶಾಣ್ಯಾಗ ಮೂರು ಕಡೆ ಹೊಲಸು ಅಂತಾರಲ್ಲ, ಅದು ನಾನ.

ದಸರಾದ ಖಂಡೆ ಪೂಜಿ, ಅಂದ್ರ ಆಯುಧ ಪೂಜಿ, ಬಂತು. ಥೀಸಿಸ್ ಒಪ್ಪಸಾಕ ಹನ್ನೆರಡು ದಿನ ಉಳಿದಿತ್ತು, ವೀಸಾನೂ ಅಷ್ಟರಾಗ ಮುಗೀತಿತ್ತು. ಕಡೀ ಎರಡು ಅಧ್ಯಾಯ ಆ ಲ್ಯಾಪ್‌ಟಾಪ್ ಬಿಟ್ರ ಬ್ಯಾರೆ ಎಲ್ಲೂ ಇರಲಿಲ್ಲ. ನಮಗ ಕತ್ತಿ, ಕುಡಗೋಲು ಎಲ್ಲಾ ಆ ಲ್ಯಾಪ್‌ಟಾಪ್ ಒಂದ. ಪೂಜಿಗೆ ಇಟ್ವಿ. ಕೀಲಿನೂ ಆಯುಧನ ಅಂತ ಆ ಹಾಳಿನೂ ಮುಂದಿಟ್ಟು ಕುಂಕುಮ ಹಚ್ಚಿದೆ. ಕಾಯಿ ಒಡಿಯಾಕ ಕಲ್ಲಿರಲಿಲ್ಲ. ಸುತ್ತಿಗೀಲೆ ಎತ್ತಿ ಬಡದೆ. ಕಾಯಿ ಚೂರುಚೂರಾಗಿ ನೀರೆಲ್ಲಾ ಹಾಳಿ ಮ್ಯಾಲೆ ಚೆಲ್ಲಿತು.

‘ಒಣಗತೈತಿ ಬಿಡು’ ಅಂದೆ.

ಶುಭ ದಿನ ಅಂತ ಪೂಜಿ ಮುಗಿಸಿದ್ದ ತಡ, ಅವನ ಲ್ಯಾಪ್‌ಟಾಪಿನ ಬಯಾಸ್, ಅಂದ್ರ ಅದನ್ನ ಚಾಲೂ ಮಾಡೂ ಮೂಲ ಪ್ರೋಗ್ರಾಮ್, ಅಪ್‌ಡೇಟ್ ಮಾಡಿದೆ. ಅದು ಬದಲಾಗಿದ್ದು ನೋಡಿ ಅಲ್ಟಿಮೇಟಿಗೆ ಯಾರೋ ಕಳ್ಳ ಕೈ ಹಾಕ್ಯಾನಂತ ಅನುಮಾನ ಬಂತು. ಆ ಅಂಕಿ ಕೇಳ್ತು. ಹಾಳಿ ಎತ್ತಿದೆ. ನಡುವಿನ ಎರಡು ಸಾಲು ಕುಂಕುಮದಾಗ ಕರಗಿ ರಾಡಿ ಆಗಿದ್ವು. ಬಯಾಸ್ ಹಿಂದಿನಂಗ ಮಾಡಾಕ ನೋಡಿದೆ, ಆಗಲಿಲ್ಲ.

ಅಂವ ಮೊದಲ ಕಪಾಳಕ್ಕ ಕೊಟ್ಟ. ತಪ್ಪಾತು ಅನ್ನೂದು ಬಿಟ್ಟು ನಾ ಏನಂದೆ ಗೊತ್ತೇನು? ‘ನೋಡಿದ್ಯಾ, ಹೋಮ್‌ನ್ಯಾಗ ಇಷ್ಟು ಗಟ್ಟಿ ಕೀಲಿ ಸಿಗತಿತ್ತೇನು?’ ಹೇಳಾಕ ಈಗೂ ನಾಚಿಕಿ ಆಗತೈತಿ. ಎರಡನೇ ಏಟು ಮುಷ್ಟೀಲೆ ಬಿತ್ತು, ಮುಂದಿನ ಹಲ್ಲು ಮುರೀತು. ನಾನೂ ಅವನ ಕುತಗಿ ಹಿಡದು ಗ್ವಾಡಿಗೆ ಗುದ್ದಿದೆ. ಅಂವ ಸುತ್ತಿಗಿ ಎತಗೊಂಡ. ನನ್ನ ತಲೀಗೇ ಅಂದ್ಕೊಂಡೆ. ಲ್ಯಾಪ್‌ಟಾಪಿಗೆ ಹಾಕಿದ, ಕೀಗಳು ಹಾರಿ ಒಲೀ ಕೆಳಗ ಹೋಗೂತನಕ ಹಾಕಿದ. ನಾ ರಕ್ತ ಉಗುಳಕೋಂತ ನೋಡಿದೆ.

ನೆನಪಿನಿಂದ ಬರಿಯಾಕ ಕೂತ. ಆಗಲಿಲ್ಲ. ಪದವಿ ಸಿಗದನ ಊರಿಗೆ ಹೋದ, ನನ್ನ ಜೋಡಿ ಒಂದ ಮಾತೂ ಆಡಲಿಲ್ಲ.

ಮುಂದ ಒಂದಿನ ಅವನ ಅವ್ವ ಫೋನ್ ಮಾಡಿದ್ಲು. ‘ಕಂಪ್ಯೂಟರ್ ತಾನ ಕೆಟ್ಟಿತಂತಲ್ಲಪಾ. ನೀ ಊಟ ನಿದ್ದಿ ಬಿಟ್ಟು ರಿಪೇರಿ ಮಾಡಾಕ ಒದ್ದಾಡಿದ್ಯಂತ, ಅಂವ ಹೇಳಿದ. ದೇವ್ರು ನಿನ್ನ ಛಲೋ ಇಟ್ಟಿರಲಿ.’

ನಾ ಹೂಂ ಅಂದೆ.