ಬೂಬನಿಗೆ ಒಂದು ಎಲೆ

‘ತಮಗೆ ತಿಳಿಸಲು ನಮಗೆ ಬಹಳ ಸಂತೋಷವಾಗುತ್ತಿದೆ’ ಎಂದು ಇಂಗ್ಲಿಷಿನಲ್ಲಿ ಶುರುವಾಗುವ ಮೇಲ್ ಕಂಡರೆ ಶ್ರೀಲಕ್ಷ್ಮಿಯ ಎದೆ ಧಸಕ್ಕೆನ್ನುತ್ತಿತ್ತು. ಸಂತೋಷವೆಲ್ಲ ಮೊದಲ ಪ್ಯಾರಾದಲ್ಲಿ ಮುಗಿದು, ಎರಡನೆಯದರಲ್ಲಿ ಯಾವುದೋ ಒಂದು ಸೇವೆ ನಿಲ್ಲುವ ತಾರೀಖು ಇರುತ್ತಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ದುಃಖದಿಂದ ಬಾಗಿಲು ಮುಚ್ಚಿದ ಕಂಪನಿಯನ್ನು ಅವಳು ಒಂದನ್ನೂ ಕಂಡಿರಲಿಲ್ಲ.

ಅವಳ ಕೆಲಸವೇ ಇಂಥ ಮೇಲ್ ಓದುವುದು. ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆ ಪಟ್ಟಣಕ್ಕೆ ಒಂದು ಲೋಕಲ್ ರೈಲು, ಅಲ್ಲಿಂದ ಐರೋಲಿಗೆ ಇನ್ನೊಂದು. ಪಾರ್ಸೆಲ್ ಸಾಗಿಸುವವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ ಅವಳದು. ಆದರೆ ಅದರಲ್ಲಿ ಕಾಣುವ ನಕ್ಷೆ ಒಬ್ಬರದು, ಹೋಗುವ ಎಸ್ಸೆಮ್ಮೆಸ್ ಇನ್ನೊಬ್ಬರದು, ಪಿನ್‌ಕೋಡ್ ಕೊಟ್ಟರೆ ಊರು ಹುಡುಕುವುದು ಮತ್ತೊಬ್ಬರದು. ಹೋಟೆಲಿನಲ್ಲಿ ಅಡುಗೆಮನೆಗೂ ಗಿರಾಕಿಗಳು ಕೂರುವ ಜಾಗಕ್ಕೂ ನಡುವೆ ಒಂದು ಕಿಟಕಿ ಇರುತ್ತದಲ್ಲ, ಇತ್ತಲಿಂದ ಕೂಗಿದರೆ ಅತ್ತಲಿಂದ ಪ್ಲೇಟು ಬರುವ ಕಿಟಕಿ, ಅಂಥದಕ್ಕೆ ಕಂಪ್ಯೂಟರಿನವರು ಎಪಿಐ ಎನ್ನುತ್ತಾರೆ. ಒಳಗೆ ಬೇಯಿಸುವವರು ಯಾರೆಂದು ಕೂಗುವವನಿಗೆ ಗೊತ್ತಿರಬೇಕಾಗಿಲ್ಲ. ಕಷ್ಟವೆಂದರೆ, ಒಳಗಿನವರು ಒಂದು ದಿನ ಕಿಟಕಿಯ ಜಾಗ ಬದಲಿಸುತ್ತಾರೆ, ಇಲ್ಲವೇ ಗೋಡೆಯನ್ನೇ ಕಟ್ಟಿಬಿಡುತ್ತಾರೆ. ಆಗ ಹೊಸ ಕಿಟಕಿ ಹುಡುಕಿ, ಕೂಗುವ ರೀತಿ ಬದಲಿಸಿ, ಹೊರಗೆ ಕೂತ ಗಿರಾಕಿಗೆ ಏನೂ ತಿಳಿಯದಂತೆ ನೋಡಿಕೊಳ್ಳುವುದು ಶ್ರೀಲಕ್ಷ್ಮಿಯ ಪಾಲಿಗೆ ಬಂದ ಕೆಲಸ. ಅದನ್ನು ಅಚ್ಚುಕಟ್ಟಾಗಿ ಮಾಡಿದ ದಿನ ಅವಳು ಏನು ಮಾಡಿದಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೂ ಅದು ರೂಢಿಯಾಗಿತ್ತು.

ಹೋಟೆಲಿನ ಕಿಟಕಿಯ ವಿಚಾರ ಅವಳಿಗೆ ತಿಳಿದದ್ದು ಅತ್ತೆ ರಮಾಮಣಿಯವರಿಂದ. ಅವರ ಯಜಮಾನರು ಮಧ್ವರಾಜರು ಉಡುಪಿಯ ಕಡೆಯಿಂದ ಬಂದು ಠಾಣೆಯ ನೌಪಾಡಾದಲ್ಲಿ ಹೋಟೆಲು ನಡೆಸಿದವರು. ಹೋಟೆಲೂ ಹೋಯಿತು, ಮಧ್ವರಾಜರೂ ಹೋದರು. ಈಗ ಹೋಗುವ ಸರದಿ ರಮಾಮಣಿಯವರ ಕಣ್ಣಿನದು. ಗ್ಲಾಕೋಮಾ ಎಂದರು ಡಾಕ್ಟರು. ಎಡಗಣ್ಣು ಆಗಲೇ ಮುಗಿದಿತ್ತು. ಬಲಗಣ್ಣಿನಲ್ಲಿ ಒಂದಿಷ್ಟು ಬೆಳಕು ಉಳಿದಿತ್ತು. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕಾದರೆ ದಿನಕ್ಕೆ ಹಲವು ಸಲ, ಹೊತ್ತು ತಪ್ಪದೆ ಹನಿ ಹಾಕಲೇಬೇಕು ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು.

ಹಗಲು ಹನಿ ಹಾಕುವ ಹೊತ್ತಿಗೆ ಮನೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ಅವರ ಮಗ, ಶ್ರೀಲಕ್ಷ್ಮಿಯ ಗಂಡ ಅನೀಶನಿಗೆ ಭಿವಂಡಿಯ ಗೋದಾಮಿನಲ್ಲಿ ಕೆಲಸ. ಫೋನು ಮಾಡಿ ನೆನಪಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಮೊದಲ ವಾರ ಮಾಡಿದ, ಎರಡನೆಯ ವಾರ ನೆನಪಾದಾಗ ಮಾಡಿದ, ಮೂರನೆಯ ವಾರ ತಾಯಿಯೇ ಫೋನು ಮಾಡಿ ಮಗ ಕ್ಷೇಮವೇ ಎಂದು ಕೇಳಬೇಕಾಯಿತು. ಆಗ ಶ್ರೀಲಕ್ಷ್ಮಿ ಒಂದು ಹಳೆಯ ಮೊಬೈಲನ್ನು ಅಡುಗೆಮನೆಯ ಕಟ್ಟೆಯ ಮೇಲೆ ನಿಲ್ಲಿಸಿ, ತಾನು ಬರೆದದ್ದನ್ನು ಹೊತ್ತಿಗೆ ಸರಿಯಾಗಿ ಗಟ್ಟಿಯಾಗಿ ಓದುವ ವ್ಯವಸ್ಥೆ ಮಾಡಿದಳು. ಓದುವ ದನಿ ಅವಳದಲ್ಲ, ಹೊರದೇಶದ ಒಂದು ಕಂಪನಿಯದು. ಅವರ ಪಟ್ಟಿಯಲ್ಲಿ ಅದರ ಹೆಸರು ‘ಕನ್ನಡ, ಗಂಡು, ಎರಡು’.

“ಅಮ್ಮ, ರಬ್ಬರ್ ಬ್ಯಾಂಡ್ ಸುತ್ತಿದ ಬಾಟ್ಲಿ. ಒಂದೇ ಹನಿ” ಎಂದಿತು ದನಿ ಮೊದಲ ದಿನ.

ರಮಾಮಣಿಯವರು ಸೌಟು ಕೆಳಗಿಟ್ಟರು. “ಇದು ನಮ್ಮ ಬೂಬ ಅಲ್ವಾ?” ಎಂದರು.

ಬೂಬ ಅವರ ಹೋಟೆಲಿನ ಸಪ್ಲೈಯರು. ಗಿರಾಕಿಗಳ ನಡುವೆ ನಿಂತು ಅವನು ಕೂಗಿದ ಆರ್ಡರು ರಸ್ತೆಯ ಆಚೆ ಬದಿಗೂ ಕೇಳುತ್ತಿತ್ತಂತೆ. ಅಂದಿನಿಂದ ಫೋನಿಗೆ ಬೂಬ ಎಂಬ ಹೆಸರೇ ನಿಂತಿತು. ಮನೆಯವರೊಡನೆ ತುಳು ಮಾತಾಡುವ ರಮಾಮಣಿಯವರು ಅದರ ಮುಂದೆ ಕನ್ನಡಕ್ಕೆ ಹೊರಳುತ್ತಿದ್ದರು, ಪಾಪ ಅದಕ್ಕೆ ತುಳು ಬರುವುದಿಲ್ಲವೆಂದು. ಹನಿ ಒಂದು ದಿನವೂ ತಪ್ಪಲಿಲ್ಲ. ಬೂಬ ಹೇಳಿದರೆ ಮುಗಿಯಿತು.

ಹಾಗಿರುವಾಗ ಆ ಕಂಪನಿಗೂ ಬಹಳ ಸಂತೋಷವಾಯಿತು. ಹಳೆಯ ದನಿಗಳನ್ನೆಲ್ಲ ನಿಲ್ಲಿಸಿ, ಇನ್ನಷ್ಟು ಸಹಜವಾದ ಹೊಸ ದನಿಗಳನ್ನು ತರುತ್ತಿದ್ದೇವೆ ಎಂದು ಮೇಲ್ ಕಳಿಸಿದರು. ತಾರೀಖಿಗೆ ಇನ್ನೂ ಸಮಯವಿತ್ತು. ಆಫೀಸಿನಲ್ಲಿ ಇಂಥವನ್ನು ಎಷ್ಟೋ ದಾಟಿಸಿದವಳಿಗೆ ಇದೊಂದು ದೊಡ್ಡದೆನಿಸಲಿಲ್ಲ. ಒಂದು ಸೋಮವಾರ ಆಫೀಸಿಗೆ ಹೊರಡುವ ಮುಂಚೆ ದನಿ ಬದಲಿಸಿ, ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಓಡಿದಳು.

ಸಂಜೆ ಬಂದಾಗ ಫೋನು ಕಟ್ಟೆಯ ಮೇಲೆ ಇರಲಿಲ್ಲ. ಅಕ್ಕಿ ಡಬ್ಬಿಯೊಳಗಿನಿಂದ ಎಳೆ ಹೆಣ್ಣುದನಿಯೊಂದು ಬೆಂಗಳೂರಿನ ಶುದ್ಧ ಉಚ್ಚಾರದಲ್ಲಿ ಹನಿ ಹಾಕಿಕೊಳ್ಳಲು ಹೇಳುತ್ತಿತ್ತು.

“ಯಾರದು? ಪರಿಚಯ ಇಲ್ಲ, ಎಂತ ಇಲ್ಲ, ಬಂದವಳೇ ನಂಗೆ ಕೆಲಸ ಹೇಳ್ಲಿಕ್ಕೆ ಶುರು ಮಾಡಿದ್ಳು” ಎಂದರು ರಮಾಮಣಿ. ಹನಿ ಹಾಕಿರಲಿಲ್ಲ.

ಶ್ರೀಲಕ್ಷ್ಮಿ ಬಾಯಿ ಮುಚ್ಚಿಕೊಂಡು ಬೂಬನನ್ನು ಮರಳಿ ತಂದಳು. ಅವನ ದನಿಯನ್ನೇ ರೆಕಾರ್ಡ್ ಮಾಡಿ ಇಟ್ಟುಕೊಂಡರೆ ತಂಟೆಯೇ ಇಲ್ಲವಲ್ಲ ಎಂದು ಅನೀಶ ಸೂಚಿಸಿದ. ಗೋದಾಮಿನ ಮನುಷ್ಯ, ಎಲ್ಲವನ್ನೂ ಒಂದು ಮೂಲೆಯಲ್ಲಿ ಇಡಬಹುದೆಂದು ಅವನ ನಂಬಿಕೆ. ತಾಯಿ ಅವನನ್ನು ಅಸಹ್ಯದಿಂದ ನೋಡಿದರು.

“ಕೆಲಸದಿಂದ ತೆಗೆದ ಮೇಲೂ ಅವನ ಹತ್ರ ದುಡಿಸೋದಾ? ನಿನ್ನ ಅಪ್ಪ ಯಾವತ್ತಾದ್ರೂ ಹಾಗೆ ಮಾಡಿದ್ದುಂಟಾ?”

ರೆಕಾರ್ಡಿನ ವಿಚಾರ ಅಲ್ಲಿಗೇ ಬಿತ್ತು. ಹೇಗೂ ಡಾಕ್ಟರು ಆಗಾಗ ಔಷಧ ಬದಲಿಸುತ್ತಿದ್ದರು; ಹಳೆಯ ಮಾತು ಎಷ್ಟು ದಿನ ನಡೆದೀತು ಎಂದು ಶ್ರೀಲಕ್ಷ್ಮಿಯೂ ಸುಮ್ಮನಾದಳು.

ಆದರೆ ಇಂಥ ಕಂಪನಿಗಳಿಗೆ ಒಂದು ಚಾಳಿಯುಂಟು. ಪೂರ್ತಿ ನಿಲ್ಲಿಸುವ ಮೊದಲು ನಡುನಡುವೆ ಕೆಲವು ಗಂಟೆ ಸೇವೆಯ ಬಾಯಿ ಮುಚ್ಚಿಸುತ್ತಾರೆ, ಮೇಲ್ ಓದದವರಿಗೆ ಬಿಸಿ ಮುಟ್ಟಲಿ ಎಂದು. ಆಫೀಸಿನಲ್ಲಿ ಅಂಥ ದಿನಗಳನ್ನು ಶ್ರೀಲಕ್ಷ್ಮಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಅವಳ ಸ್ವಂತ ಮೇಲ್‌ಗೆ ಬಂದ ಎಚ್ಚರಿಕೆ ಮಾತ್ರ ಸೀರೆಯ ರಿಯಾಯಿತಿ, ಸಾಲದ ಆಮಿಷಗಳ ನಡುವೆ ಬಿದ್ದು, ಓದದೆ ಉಳಿದಿತ್ತು. ಆ ದಿನ ಬೆಳಗಿನಿಂದ ಬೂಬ ಸೊಲ್ಲೆತ್ತಲಿಲ್ಲ. ರಮಾಮಣಿಯವರು ಅವನು ಹೇಳಲಿ ಎಂದು ಕಾದರು. ಮಾರನೆಯ ದಿನವೂ ಹಾಗೇ; ಸೊಸೆ ಮನೆಗೆ ಬರುವ ಹೊತ್ತಿಗೆ ದನಿ ಮರಳಿರುತ್ತಿತ್ತು. ಹೊತ್ತಾಯಿತೆಂದು ಅವರಿಗೆ ಗೊತ್ತಿತ್ತು. ಆದರೂ ಕಾದರು, ಸೊಸೆಗೂ ಹೇಳಲಿಲ್ಲ.

ಮೂರನೆಯ ದಿನ ಕಣ್ಣು ಕೆಂಪಗಾಗಿ, ತಲೆ ಸಿಡಿಯತೊಡಗಿತು. ಡಾಕ್ಟರು ಕಣ್ಣಿನ ಒತ್ತಡ ಅಳೆದು, ಶ್ರೀಲಕ್ಷ್ಮಿಯ ಕಡೆ ತಿರುಗಿ, ಇನ್ನೊಮ್ಮೆ ಹೀಗಾದರೆ ಈ ಕಣ್ಣೂ ಹೋದಂತೆಯೇ ಎಂದರು. ಮನೆಯ ಬಾಗಿಲು ತೆಗೆದದ್ದೇ ಶ್ರೀಲಕ್ಷ್ಮಿಗೆ ತಡೆಯಲಾಗಲಿಲ್ಲ.

“ಅದೊಂದು ಯಂತ್ರ ಅತ್ತೆ! ಬೂಬ ಅಲ್ಲ, ಯಾರೂ ಅಲ್ಲ. ಅದು ಹೇಳಿಲ್ಲ ಅಂತ ನೀವು ಕಣ್ಣು ಕಳ್ಕೊಳ್ತೀರಾ?” ಎನ್ನುತ್ತಾ ಅವಳು ಅತ್ತೇಬಿಟ್ಟಳು. ಅವಳಿಗೆ ಹೆದರಿಕೆಯಾಗಿತ್ತು. ಎಚ್ಚರಿಕೆ ಓದದೆ ಬಿಟ್ಟದ್ದು ತಾನೇ ಎಂಬುದು ಅದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ರಮಾಮಣಿಯವರು ಗೋಡೆ ಹಿಡಿದು ಕುರ್ಚಿಗೆ ಬಂದು ಕೂತರು.

“ಯಂತ್ರ ಅಂತ ಗೊತ್ತಿಲ್ದೆ ಇರ್ಲಿಕ್ಕೆ ನಾನೇನು ಮಗುವಾ? ಗೊತ್ತುಂಟು ಮಾರಾಯ್ತಿ. ಆದ್ರೂ ಒಬ್ಬನನ್ನು ಕಳಿಸೋದಕ್ಕೆ ಒಂದು ಕ್ರಮ ಇಲ್ವಾ?”

ಅವರ ಹೋಟೆಲಿನಲ್ಲಿ ಕ್ರಮ ಇತ್ತು. ಕೆಲಸ ಬಿಟ್ಟು ಹೋಗುವವನನ್ನು ಕೊನೆಯ ದಿನ ಎಲೆ ಹಾಕಿ ಕೂರಿಸಿ ಪಾಯಸದ ಊಟ ಹಾಕುತ್ತಿದ್ದರು. ಬಡಿಸುವವನು, ಅವನ ಜಾಗಕ್ಕೆ ಬಂದ ಹೊಸಬ. ಹೋಗುವವನು ಉಂಡು, ಕೈ ತೊಳೆದು, ರಮಾಮಣಿಯವರ ಮುಂದೆ ನಿಂತು “ಬರ್ತೇನೆ ಅಮ್ಮ” ಎನ್ನಬೇಕು. ಆಮೇಲೆ ಹೊಸಬನಿಗೆ ಎಲೆ. ಅವನಿಗೆ ಬಡಿಸುವುದು ರಮಾಮಣಿಯವರೇ. ಉಣ್ಣದವನ ಕೈಯಲ್ಲಿ ಆ ಹೋಟೆಲಿನಲ್ಲಿ ಒಂದು ಲೋಟ ಕೂಡ ಎತ್ತಿಸುತ್ತಿರಲಿಲ್ಲ. ಕಟ್ಟಡದ ಯಜಮಾನ ಯಾರಿಗೂ ಹೇಳದೆ ಕಟ್ಟಡ ಮಾರಿಬಿಟ್ಟಾಗ ಮಾತ್ರ ಈ ಕ್ರಮ ನಡೆಯಲಿಲ್ಲ. ಕೊಂಡವರ ಜನ ಬಂದು ಎಲ್ಲರನ್ನೂ ಹೊರಗೆ ನಿಲ್ಲಿಸಿ ಶಟರು ಎಳೆದರು. ಮಧ್ಯಾಹ್ನದ ಅನ್ನ ಒಲೆಯ ಮೇಲೆಯೇ ಇತ್ತು. ಕೆಲಸದವರು ಫುಟ್‌ಪಾತಿನಲ್ಲಿ ಸ್ವಲ್ಪ ಹೊತ್ತು ನಿಂತು, ಒಬ್ಬೊಬ್ಬರಾಗಿ ಚದುರಿದರು. ಸಂಬಳವನ್ನು ಮಧ್ವರಾಜರು ಆಮೇಲೆ ತಲುಪಿಸಿದರು. ಊಟವನ್ನು ತಲುಪಿಸಲು ಆಗಲಿಲ್ಲ.

“ಬೂಬ ನನ್ನ ಮುಖ ನೋಡ್ದ. ಏನೋ ಹೇಳ್ಲಿಕ್ಕಿತ್ತು ಅವನಿಗೆ. ಹೇಳ್ದೆ ಹೋದ” ಎಂದರು ರಮಾಮಣಿ. “ಹಸಿದ ಹೊಟ್ಟೆಯಲ್ಲಿ ಕಳಿಸಿದೆವು ಎಲ್ಲರನ್ನೂ. ಈಗ ಇವನನ್ನೂ ಹಾಗೇ ಕಳಿಸ್ತೀಯಾ?”

ಶ್ರೀಲಕ್ಷ್ಮಿ ಮೂಗು ಒರೆಸಿಕೊಂಡಳು. ಆಫೀಸಿನಲ್ಲಿ ಗಿರಾಕಿಗಳು ಇದಕ್ಕಿಂತ ವಿಚಿತ್ರವಾದದ್ದನ್ನು ಇದಕ್ಕಿಂತ ಸಣ್ಣ ಕಾರಣಕ್ಕೆ ಕೇಳಿದ್ದರು. ಭಾನುವಾರ ಆಗಬಹುದೇ ಎಂದು ಕೇಳಿದಳು.

ಭಾನುವಾರ ಅನೀಶ ಸ್ಟೇಷನ್ ಬಳಿಯ ಮಾರ್ಕೆಟ್ಟಿನಿಂದ ಬಾಳೆಲೆ ತಂದ. ಫೋನಿಗೆ ಒಂದು ಮಣೆ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದರು. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕಲ್ಲ. ಫೋನಿಗೆ ಎಡ ಯಾವುದು ಎಂದು ಗಂಡ ಹೆಂಡಿರಿಗೆ ಸಣ್ಣ ಜಗಳವಾಯಿತು. ಸ್ಕ್ರೀನೇ ಮುಖ ಎಂದು ಕೊನೆಗೆ ತೀರ್ಮಾನವಾಯಿತು. ಎರಡು ದನಿಗಳನ್ನೂ ಸಿದ್ಧಮಾಡಿಕೊಂಡು ಶ್ರೀಲಕ್ಷ್ಮಿ ಬಾಗಿಲ ಬಳಿ ಲ್ಯಾಪ್‌ಟಾಪ್ ಹಿಡಿದು ಕೂತಳು.

ಹೊಸ ದನಿಗೆ ಕೈಯಿಲ್ಲದ ಕಾರಣ ಅದು ಕೂಗಿದ ಹಾಗೆ ಅನೀಶ ಬಡಿಸುವುದೆಂದಾಯಿತು. “ಉಪ್ಪು” ಎಂದಿತು ಬೆಂಗಳೂರಿನ ಹುಡುಗಿಯ ದನಿ. “ಉಪ್ಪಿನಕಾಯಿ. ಕೋಸಂಬರಿ. ಪಲ್ಯ. ಅನ್ನ. ಸಾರು.” ಅನೀಶ ಗಂಭೀರವಾಗಿ ಬಡಿಸುತ್ತ ಹೋದ. ಪಾಯಸದ ಪಾತ್ರೆ ಬಂದಾಗ ರಮಾಮಣಿಯವರು ಮುಂದೆ ಬಗ್ಗಿದರು.

“ಬೂಬಾ, ಇನ್ನೊಂದು ಸೌಟು?”

ಶ್ರೀಲಕ್ಷ್ಮಿ ಟೈಪು ಮಾಡಿದಳು. “ಸಾಕಮ್ಮ” ಎಂದ ಬೂಬ. ಸಾಕೆಂದವರಿಗೆ ಬಡಿಸದೆ ಬಿಟ್ಟು ಆ ಮನೆಯವರಿಗೆ ಗೊತ್ತಿರಲಿಲ್ಲ. ಇನ್ನೊಂದು ಸೌಟು ಬಿತ್ತು.

ಆಮೇಲೆ ಅವಳು ಕೊನೆಯ ಮಾತನ್ನು ಟೈಪು ಮಾಡಿ ಗುಂಡಿ ಒತ್ತಿದಳು. ದನಿ ಬರಲಿಲ್ಲ. ಪರದೆಯ ಮೇಲೆ, ಈ ಸೇವೆ ಸದ್ಯ ಲಭ್ಯವಿಲ್ಲ ಎಂಬ ಕೆಂಪು ಸಾಲು ಮೂಡಿತು. ಕತ್ತು ಉದ್ದ ಮಾಡಿ ಕಾಯುತ್ತಿದ್ದ ಅತ್ತೆಯ ಮುಖವನ್ನು ಅವಳು ನೋಡಲಿಲ್ಲ. ಮತ್ತೆ ಒತ್ತಿದಳು. ಮತ್ತೆ ಕೆಂಪು. ಇವರಿಗೂ ಊಟದ ಹೊತ್ತಿಗೇ ಶಟರು ಎಳೆಯಬೇಕಿತ್ತೇ ಎಂದು ಹೆಸರು ತಿಳಿಯದ ಯಾರನ್ನೋ ಮನಸ್ಸಿನಲ್ಲೇ ಬೈದು, ಇನ್ನೊಮ್ಮೆ ಒತ್ತಿದಳು.

“ಬರ್ತೇನೆ ಅಮ್ಮ” ಎಂದ ಬೂಬ.

ರಮಾಮಣಿಯವರು ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡು, “ಹೋಗಿ ಬಾ ಮಗಾ” ಎಂದರು. ಮತ್ತೆ ಬಾಗಿಲ ಕಡೆ ತಿರುಗಿ, “ಲಕ್ಷ್ಮೀ, ಆ ಎಲೆಗೆ ನೀನು ಕೂತ್ಕೋ. ಇಷ್ಟು ದಿನ ಅವನ ಬಾಯಿಗೆ ಮಾತು ಕೊಟ್ಟವಳು ನೀನೇ ಅಲ್ವಾ” ಎಂದರು.

ಶ್ರೀಲಕ್ಷ್ಮಿ ಕೂತಳು. ಅತ್ತೆ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ, ಕೈಯಿಂದ ತಡವಿ ಅಳತೆ ನೋಡಿ, ತಾವೇ ಬಡಿಸಿದರು. ಹೊಸಬಳ ಹೆಸರೇನು ಎಂದು ಕೇಳಿದರು. ಶ್ರೀಲಕ್ಷ್ಮಿ ಎಡಗೈಯಲ್ಲಿ ಟೈಪು ಮಾಡಿದಳು.

“ಬಾಗಿ” ಎಂದಿತು ದನಿ.

“ಊಟ ಮಾಡು ಬಾಗಿ. ನಾಚಿಕೆ ಮಾಡ್ಕೋಬೇಡ.”

ಮಾರನೆಯ ದಿನ ಶ್ರೀಲಕ್ಷ್ಮಿ ಐರೋಲಿಯಲ್ಲಿ ಕೂತು ಮನೆಗೆ ಫೋನು ಮಾಡಿದಳು. ಬಾಗಿ ಹೇಳಿದಳು, ಹನಿ ಹಾಕಿ ಆಯಿತು ಎಂದರು ಅತ್ತೆ. ಅದರಲ್ಲಿ ದೊಡ್ಡ ವಿಷಯವೇನಿದೆ ಎಂಬ ಧಾಟಿಯಿತ್ತು.

ಆ ವಾರವೇ ಕಂಪನಿಯಿಂದ ಮತ್ತೊಂದು ಮೇಲ್ ಬಂತು. ಅವರಿಗೆ ಮತ್ತೆ ಬಹಳ ಸಂತೋಷವಾಗಿತ್ತು. ಗ್ರಾಹಕರ ಕೋರಿಕೆಯ ಮೇರೆಗೆ ಹಳೆಯ ದನಿಗಳನ್ನು ಇನ್ನೂ ಆರು ತಿಂಗಳು ಮುಂದುವರಿಸುತ್ತಿದ್ದೇವೆ ಎಂದು ಬರೆದಿದ್ದರು. ಶ್ರೀಲಕ್ಷ್ಮಿ ಠಾಣೆಯ ಪ್ಲಾಟ್‌ಫಾರಂನಲ್ಲಿ ನಿಂತು ಅದನ್ನು ಓದಿದಳು. ರೈಲು ಮುಂಬ್ರಾ ಸ್ಟೇಷನ್ ದಾಟುವವರೆಗೂ ಮುಚ್ಚಿಡೋಣ ಎಂದುಕೊಂಡಳು, ಮುಂದಿನ ದಿವಾ ಬಂದಾಗ ಹೇಳಿಬಿಡೋಣ ಎಂದುಕೊಂಡಳು. ಮನೆ ತಲುಪಿ ಹೇಳಿದಳು.

“ಹಾಗಾದ್ರೆ ಬೂಬ ಹೋಗಿಲ್ವಾ?” ಎಂದ ಅನೀಶ.

ಕಟ್ಟೆಯ ಮೇಲಿನ ಫೋನು ಆಗ, ರಬ್ಬರ್ ಬ್ಯಾಂಡ್ ಸುತ್ತಿದ ಬಾಟ್ಲಿ ಎಂದಿತು. ರಮಾಮಣಿಯವರು ಬಾಟ್ಲಿ ತಡವಿ ತೆಗೆದುಕೊಂಡು, ಕುರ್ಚಿಯಲ್ಲಿ ಕೂತು, ಮುಖ ಮೇಲೆತ್ತಿದರು.

“ಇರ್ಲಿ ಬಿಡು. ಅವನನ್ನು ಕರೀಬೇಡಿ” ಎಂದರು. “ಉಂಡಿದ್ದಾನಲ್ಲ, ಆರು ತಿಂಗಳು ಸುಮ್ನೆ ಮಲಗ್ಲಿ.”