ಬಾಗಿಲು ಮಾತ್ರ ಇರುವವನು

ಹೊನ್ನಾವರದಲ್ಲಿ ಮನೆಯಿಲ್ಲದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಮನೆಯಿಲ್ಲ. ಇದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದವನು ಮಾಬ್ಲನೊಬ್ಬನೇ. ಶರಾವತಿ ದಾಟಲು ದೋಣಿ ಹತ್ತುವ ತಾರಿಬಾಗಿಲಿನ ಚಪ್ಪರದಲ್ಲಿ ಮಲಗೆದ್ದು, ಅಂಗಿ ಕೊಡವಿ, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಕಚೇರಿಗೆ ಹೊರಟ ಗುಮಾಸ್ತನ ಗತ್ತಿನಲ್ಲಿ ಅವನು ಪೇಟೆಗೆ ಬರುತ್ತಾನೆ. "ಕೆಲ್ಸ ಏನಾರೂ ಉಂಟಾ ಒಡಿಯಾ?" ಎಂದರೆ ಕಿರಾಣಿ ಅಂಗಡಿಯ ದೇವಪ್ಪನವರು ಕೇಳುತ್ತಾರೆ: "ನಿನ್ ಮನೆ ಎಲ್ಲಾತೋ?" "ತಾರಿಬಾಗ್ಲಲ್ಲಿ." "ಬಾಗ್ಲಾತು, ಮನೆ ಎಲ್ಲಿ ಮಾರಾಯಾ?" ಅಂಗಡಿಯೇ ನಗುತ್ತದೆ. ಮಾಬ್ಲನೂ ನಗುತ್ತಾನೆ: "ಬಾಗ್ಲಾತಲ್ಲ ಒಡಿಯಾ, ಅರ್ಧ ಮನೆ ಆದಂಗೇಯ." ಬಾಡಿಗೆಗೆ ಮೂಲೆಯೊಂದನ್ನು ಕೇಳಿದರೆ ನೀಲಾಬಾಯಿಯವರು "ಕೆಲ್ಸ ಎಂತ ಮಾಡ್ತೆ?" ಎನ್ನುತ್ತಾರೆ, "ಮನೆ ಹುಡ್ಕೂದು" ಎಂಬ ಪ್ರಾಮಾಣಿಕ ಉತ್ತರ ಕೇಳಿ ಕದ ಹಾಕಿಕೊಳ್ಳುತ್ತಾರೆ. ಇಷ್ಟಾದರೂ ಅವನು ರೀತಿ ಬಿಟ್ಟವನಲ್ಲ. ಮೊನ್ನೆ ಬೆಳಿಗ್ಗೆ ಕಂಡೆ: ಚಪ್ಪರ ಬಿಡುವ ಮೊದಲು ತಿರುಗಿ, ಅಲ್ಲಿಯ ಮರದ ಕಂಬಕ್ಕೆ "ಬತ್ತೆ" ಎಂದ. ಮನೆಯಿಂದ ಹೊರಡುವವರು ಒಳಗಿದ್ದವರಿಗೆ ಹೇಳುವ ಮಾತು ಅದು. ಹೇಳಿ, ಉತ್ತರಕ್ಕೆಂದು ಒಂದು ಗಳಿಗೆ ನಿಂತ. ಜಗಲಿ ಇರುವವರೇ, ಇವತ್ತು ಅವನನ್ನು ಕರೆದು ಚಾಪೆ ಹಾಸಿಕೊಡಿ. ನಾಳೆ ಅವನು ಕೆಲಸ ಕೇಳಲು ಹೊರಟಾಗ ಬಾಯಿಬಿಟ್ಟು "ಹೋಗ್ ಬಾ" ಎನ್ನಿ.